ಕುರಿಗೊಂದು ಕೋಣೆ

ನನಗೆ ಚಳಿ ಎಂದರೆ ಆಗದು. ಪುಷ್ಯಮಾಸ ಬಂತೆಂದರೆ ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಶಾಲು, ಕಿವಿಗೆ ಮಫ್ಲರು. ಎಲ್ಲವೂ ಉಣ್ಣೆಯವೇ. ಹೀಗೆ ಕುರಿಗಳ ಬಟ್ಟೆ ಹೊದ್ದುಕೊಂಡು ಕುರಿಗಳಿಗಾಗಿ ಮರುಗಿದ ಮಹಾನುಭಾವ ನಾನು.

ಐವತ್ತರ ದಶಕದಲ್ಲಿ ಸರ್ಕಾರ ನನ್ನನ್ನು ಹಾರನಹಳ್ಳಿಯ ಕಡೆ ಗ್ರಾಮಸೇವಕನನ್ನಾಗಿ ಕಳಿಸಿತು. ರೈತರಿಗೆ ತಿಳಿವಳಿಕೆ ಕೊಡುವುದು ನನ್ನ ಕೆಲಸ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ರಾಗಿ ಪೈರು ಯಾವುದು, ಕಳೆ ಯಾವುದು ಗೊತ್ತಿರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಸೀಮೆಯಲ್ಲಿ ಕೊಯ್ಲಾದ ಹೊಲಗಳಲ್ಲಿ ಕುರಿಮಂದೆ ಹಾಕಿಸುವ ವಾಡಿಕೆ. ರಾತ್ರಿಯೆಲ್ಲ ಕುರಿಗಳು ಬಯಲಲ್ಲೇ ಮಲಗಿ ಹೊಲಕ್ಕೆ ಗೊಬ್ಬರ ಕೊಡುತ್ತವೆ. ಬೀರಣ್ಣನೆಂಬ ಮುದುಕ ತನ್ನ ಇಪ್ಪತ್ತು ಕುರಿಗಳನ್ನು ಬಿದಿರು ತಡಿಕೆಯ ಪುಟ್ಟ ಸುತ್ತಿನೊಳಗೆ ಒತ್ತೊತ್ತಾಗಿ ಕೂಡಿದ್ದ. ಅವನ ಬದುಕೆಂದರೆ ಆ ಇಪ್ಪತ್ತೇ. ಆ ಇಕ್ಕಟ್ಟು ಕಂಡು ನನ್ನ ಕರುಳು ಚುರುಕ್ಕೆಂದಿತು. ನನ್ನ ಸರ್ಕಾರಿ ಕೈಪಿಡಿಯಲ್ಲಿ ಒಂದೊಂದು ಕುರಿಗೂ ಇಂತಿಷ್ಟು ಜಾಗವೆಂದು ಸ್ಪಷ್ಟವಾಗಿತ್ತು. ಅದು ಗೋಡೆ, ಸೂರು ಇರುವ ಕೊಟ್ಟಿಗೆಯ ಮಾತೆಂದು ಮುಂದಿನ ಸಾಲಿನಲ್ಲಿತ್ತು. ಮುಂದಿನ ಸಾಲು ಓದುವ ಕೆಟ್ಟ ಚಟ ನನಗಿರಲಿಲ್ಲ.

"ಒತ್ಕಂಡು ಮನಗಿದ್ರೇನೆ ಬೆಚ್ಚಗಿರೋದು ಬುದ್ಧಿ. ಒಂದ್ರ ಮೈ ಕಾವು ಇನ್ನೊಂದಕ್ಕೆ" ಎಂದ ಬೀರಣ್ಣ.

ನಾನು ನಕ್ಕೆ. ಓದಿದವರು ನಗುತ್ತಾರಲ್ಲ, ಆ ನಗು. ಮೇವು ತಿಂದ ಕುರಿಯ ಹೊಟ್ಟೆಯೇ ಒಂದು ಒಲೆ, ಮೈತುಂಬ ತುಪ್ಪಟ ಬೇರೆ, ಒಂಟಿಯಾಗಿದ್ದರೇನಂತೆ ಎಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಊರಿನ ತಡಿಕೆಗಳನ್ನೆಲ್ಲ ತರಿಸಿ, ಕತ್ತಲಾಗುವುದರೊಳಗೆ ಕುರಿಗೊಂದು ಕೋಣೆ ಕಟ್ಟಿಸಿದೆ. "ಸರ್ಕಾರದೋರು ಯೋಳ್ತಾವ್ರೆ" ಎಂದು ಬೀರಣ್ಣ ಒಂದೊಂದನ್ನೇ ಒಳಗೆ ಬಿಟ್ಟ. ನಾನು ಹೋಗಿ ಎರಡು ರಗ್ಗು ಹೊದ್ದು ಸುಖವಾಗಿ ಮಲಗಿದೆ.

ಬೆಳಿಗ್ಗೆ ಮಂಜಿನಲ್ಲಿ ಹೋಗಿ ನೋಡಿದರೆ ಹೊಲದ ತುಂಬ ತಡಿಕೆಗಳು ಉರುಳಿ ಬಿದ್ದಿದ್ದವು. ಕುರಿಗಳೆಲ್ಲ ನನ್ನ ಯೋಜನೆಯನ್ನು ಒದ್ದು ಕೆಡವಿ ಒಂದೇ ಗುಂಪಾಗಿ ನಿಂತಿದ್ದವು. ಒಂದು ಕುರಿ ಮಾತ್ರ ತನ್ನ ಕೋಣೆಯಲ್ಲೇ ಉಳಿದು, ಬೆಳಗಿನ ಜಾವ ಈದಿತ್ತು. ಒದ್ದೆ ಮರಿ ಗಾಳಿಗೆ ಸೆಟೆದು ಬಿದ್ದಿತ್ತು. ಬೀರಣ್ಣ ಅದನ್ನು ಹುಲ್ಲಿನಿಂದ ತಿಕ್ಕುತ್ತಿದ್ದ. ಅಯ್ಯೋ, ಕೊಂದೆನಲ್ಲ ಎನ್ನಿಸಿತು. ಶಾಲು ಬಿಚ್ಚಿ ಕೊಡಹೋದೆ.

"ಅದ್ರಾಗೆ ಕಾವೆಲ್ಲಿದ್ದದು ಬುದ್ಧಿ? ಮೈ ಬೇಕು. ನಂದು ತಣ್ಣಗಾಗೋಗದೆ. ಗುಂಡಿ ಬಿಚ್ಚಿ" ಎಂದ.

ಕೋಟು, ಸ್ವೆಟರು, ಅಂಗಿ ಎಲ್ಲ ಬಿಚ್ಚಿ, ಆ ತಣ್ಣನೆಯ ಲೋಳೆಮುದ್ದೆಯನ್ನು ಬರೀ ಎದೆಗೆ ಅವುಚಿಕೊಂಡೆ. ಹಲ್ಲು ಕಟಕಟ ಎನ್ನುತ್ತಿತ್ತು. ಎಷ್ಟು ಹೊತ್ತಾಯಿತೋ, ಮರಿ ಸಣ್ಣಗೆ ಮಿಸುಕಿತು. ಆಮೇಲೆ ತಲೆಯೆತ್ತಿ ನನ್ನ ಎದೆಯಲ್ಲೇ ಹಾಲು ಹುಡುಕತೊಡಗಿತು.

"ಅಲ್ಲಿಲ್ಲ ಕಣ್ಲಾ, ನಿಮ್ಮವ್ವ ಇಲ್ಲಿ ಅವ್ಳೆ" ಎಂದು ಬೀರಣ್ಣ ಅದನ್ನೆತ್ತಿ ತಾಯಿಯ ಕೆಚ್ಚಲಿಗೆ ಬಿಟ್ಟ. ಅದು ಬಾಲ ಕುಣಿಸುತ್ತ ಚೀಪಿತು. ನನಗೆ ಅಳು ಬಂತು.

ಮುದುಕ ಬೈಯಲಿಲ್ಲ. "ನಡುಗ್ತಾ ಇದ್ದೀರಲ್ಲ ಬುದ್ಧಿ, ಬನ್ನಿ, ಕುರಿ ನಡುವೆ ನಿತ್ಕಳಿ" ಎಂದ.

ಹೋಗಿ ನುಸುಳಿ ನಿಂತೆ. ನಾನು ಅವಕ್ಕೆ ಕೊಡಿಸಿದ್ದಷ್ಟು ಜಾಗವನ್ನು ಅವು ನನಗೆ ಕೊಡಲಿಲ್ಲ, ಪುಣ್ಯಕ್ಕೆ.