ಅಕ್ಕನ ಕಮೋಡು, ಅಪ್ಪನ ಚಪ್ಪಡಿ

ನೋಡ್ರಪ್ಪಾ, ಇವತ್ತು ಪ್ಲಂಬರ್ ಬಾಷಾನ ಮೇಲೆ ರೇಗಾಡಿಬಿಟ್ಟೆ. ಹೊಸ ಟೈಲ್ಸ್ ಮೇಲೆ ಕಮೋಡು ಕೂರಿಸೋಕೆ ಬಂದವನು, ಆಗಲ್ಲ ಅಂತ ಎದ್ದು ನಿಂತ.

"ಪೈಪಿನ ಬಾಯಿ ಟೈಲ್ಸಿಗಿಂತ ಎರಡು ಇಂಚು ಕೆಳಗೈತೆ ಯಜಮಾನ್ರೆ. ಹಿಂಗೇ ಕೂರಿಸಿದ್ರೆ ನೀರೆಲ್ಲ ಟೈಲ್ಸಿನ ಅಡಿಗೆ ಹೋಗ್ತೈತೆ. ಹಳೇ ಚಪ್ಪಡಿ ಕೀಳದೆ ಅದರ ಮೇಲೇ ಟೈಲ್ಸ್ ಹಾಕ್ಸಿದ್ದು ಯಾರು?"

ನಾನೇ. ಅಪ್ಪ ಹಾಸಿದ ಚಪ್ಪಡಿ, ಮುಟ್ಟಿದ್ರೆ ನೋಡು ಅಂತ ಟೈಲ್ಸ್ ಹಾಕೋರಿಗೆ ಗದರಿದ್ದೆ.

ಕೊನೆಗೆ ಬಾಷಾ ಪೈಪಿಗೆ ಒಂದು ತುಂಡು ಸೇರಿಸಿ, ಟೈಲ್ಸಿನ ಮಟ್ಟಕ್ಕೆ ತಂದು ಕಮೋಡು ಕೂರಿಸಿದ. "ಸಿಮೆಂಟ್ ಒಣಗಬೇಕು. ನಾಳೆ ಸಂಜೆವರೆಗೂ ಯಾರೂ ಕೂರಬಾರದು" ಅಂದ.

ಗೌರಿ ಹಬ್ಬಕ್ಕೆ ಅಂತ ಮೊಳಕಾಲ್ಮೂರಿನಿಂದ ನಮ್ಮಕ್ಕ ನಾಳೆ ಬೆಳಿಗ್ಗೆಯೇ ಚಳ್ಳಕೆರೆಗೆ ಬರೋಳಿದ್ಲು. ಮೂರು ವರ್ಷ ಏನೇನೋ ನೆಪ ಹೇಳಿ ತಪ್ಪಿಸಿಕೊಂಡವಳು. ಫೋನ್ ಮಾಡಿ, "ನಾಳೆ ಬೇಡ, ನಾಡಿದ್ದು ಹಬ್ಬದ ದಿನವೇ ಬಾ" ಅಂದೆ.

"ತವರಿಗೆ ಬರಬೇಡ ಅಂತೀಯೇನಲೇ?" ಅಂದ್ಲು.

"ನಿನಗಂತ ಕಮೋಡು ಹಾಕ್ಸೀನಿ ಕಣಕ್ಕಾ. ಅದು ಒಣಗಬೇಕು."

"ನನಗೆ ಮೊಣಕಾಲು ಮಡಚೋಕಾಗಲ್ಲ ಅಂತ ನಿನಗ್ಯಾರು ಹೇಳಿದ್ರು?" ಅಂದ್ಲು.

"ಹೋದ ಸಲ ಬಂದಾಗ ನೆಲದ ಕಕ್ಕಸಿಗೆ ಹೆದರಿ ಎರಡು ದಿನ ನೀನು ಸರಿಯಾಗಿ ನೀರೇ ಕುಡೀಲಿಲ್ಲ. ನನಗೇನು ಕಣ್ಣಿಲ್ವಾ?"

ಮೂಗು ಒರೆಸಿಕೊಂಡಿದ್ದು ಕೇಳಿಸ್ತು. "ನಾಡಿದ್ದು ಬರ್ತೀನಿ. ಬಂದ ತಕ್ಷಣ ಒಂದು ಚೊಂಬು ನೀರು ಕೊಡು."

ಇಷ್ಟು ವರ್ಷ ಹಬ್ಬಕ್ಕೆ ಸೀರೆ ಕೊಟ್ಟೆ, ಪ್ರತಿ ಸಲ ಬಣ್ಣ ಸರಿಯಿಲ್ಲ ಅಂದ್ಲು. ಕಮೋಡಿನ ಬಣ್ಣ ಮಾತ್ರ ಕೇಳಲಿಲ್ಲ ಮಹಾರಾಯ್ತಿ.