ಹೊಸ್ತಿಲಿಗೆ ತಾತ ಹೇಳಿದ ಅರ್ಥ

ನಾನು ಚಿಕ್ಕವಳಿದ್ದಾಗ ಗುಬ್ಬಿಯಲ್ಲಿ ಶ್ರಾವಣ ಬಂತೆಂದರೆ ಸಂಜೆ ಹೊತ್ತು ನಮ್ಮ ಬೀದಿಯ ಮನೆಗಳೆಲ್ಲ ಖಾಲಿ. ಮುದುಕರು, ಹೆಂಗಸರು, ನಾವು ಚಿಳ್ಳೆಪಿಳ್ಳೆಗಳು ಎಲ್ಲ ಮಠದ ಹಜಾರದಲ್ಲಿ. ತಿಂಗಳು ಪೂರ್ತಿ ಅಲ್ಲಿ ಹಳೆಗಾಲದ ಒಂದು ಕಾವ್ಯ ಓದಿಸುತ್ತಿದ್ದರು. ಒಬ್ಬರು ಪದ್ಯವನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅದಕ್ಕೆ ಅರ್ಥ ಹೇಳುವುದು. ಸಾಂಬ್ರಾಣಿ ಹೊಗೆ, ಮಳೆಗೆ ನೆಂದ ಕೊಡೆಗಳ ವಾಸನೆ, ಯಾರದೋ ಮುಡಿಯ ಕನಕಾಂಬರ. ಮುಗಿದ ಮೇಲೆ ಕಡ್ಲೆಪುರಿ, ಹುರಿಗಡಲೆ, ಕೊಬ್ಬರಿ, ಬೆಲ್ಲ ಕಲಸಿದ ಚರ್ಪು ಹಂಚುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನಾವು ಮಕ್ಕಳು ಹೋಗುತ್ತಿದ್ದುದು ಆ ಚರ್ಪಿಗೆ.

ಅರ್ಥ ಹೇಳುತ್ತಿದ್ದವರು ನನ್ನ ತಾತ. ಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಪೇಟೆಯಲ್ಲಿ ಅವರ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ‘ಅರ್ಥದ ಮೇಷ್ಟ್ರು’ ಅಂತಲೇ. ಪದ್ಯ ಓದುತ್ತಿದ್ದವಳು ನೀಲತ್ತೆ, ನನ್ನಪ್ಪನ ತಂಗಿ. ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂರುವುದು ನನ್ನ ಹಕ್ಕು. ಹಾಗೆ ಕೂತರೆ ಅವಳ ದನಿ ಕಿವಿಗೆ ಬರುವ ಮೊದಲು ನನ್ನ ಬೆನ್ನಿಗೆ ಬರುತ್ತಿತ್ತು. ಅವಳು ಮದುವೆಯಾಗಿ ಕುಣಿಗಲ್ಲಿಗೆ ಹೋದ ಮೇಲೆ ಯಾರೋ ಗಂಟಲು ಕಟ್ಟಿದ ಗಂಡಸು ಓದತೊಡಗಿದ. ತಾತನಿಗೂ ಬೇಸರ, ಕೇಳುವವರಿಗೂ ಬೇಸರ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಶ್ರಾವಣ ಶುರುವಾಗುವ ಹೊತ್ತಿಗೆ ನೀಲತ್ತೆ ಒಂದು ವೈರ್ ಬ್ಯಾಗ್ ಹಿಡಿದುಕೊಂಡು ಒಬ್ಬಳೇ ಬಸ್ಸಿಳಿದು ಬಂದಳು. ನನಗೋ ಖುಷಿಯೋ ಖುಷಿ. ಅಜ್ಜಿ ಮಾತ್ರ ಅವಳ ಮುಖ ನೋಡಿದ್ದೇ ತಡ, ಏನೂ ಕೇಳದೆ ಬಚ್ಚಲಿಗೆ ಉರಿ ಹಾಕಿದಳು. ನಾನು ಸೀಗೆಪುಡಿ ಕೊಡಲು ಹೋದಾಗ ಅತ್ತೆಯ ಬೆನ್ನು ಕಂಡಿತು. ಹೆಗಲಿಂದ ಸೊಂಟದವರೆಗೆ ನೀಲಿ, ಹಸಿರು, ಹಳದಿ.

“ಏನತ್ತೆ ಇದು?”

“ಬಾಗಿಲಿಗೆ ತಾಗಿಸ್ಕೊಂಡೆ ಕಣೇ.”

“ಬೆನ್ನಿಗಾ?”

ಅವಳು ತಲೆ ಮೇಲೆ ಒಂದು ಚೊಂಬು ನೀರು ಸುರಿದುಕೊಂಡಳು.

ಆ ದಿನ ಅಡುಗೆಮನೆಯಲ್ಲಿ ಅಜ್ಜಿ ತಾತನಿಗೆ ಹೇಳಿದ್ದು ನಾನು ಕೇಳಿಸಿಕೊಂಡೆ. “ಅವ್ಳಿನ್ನ ಹೋಗಾದು ಬ್ಯಾಡ ಕಣ್ರೀ. ಇಲ್ಲೇ ಇರ್ಲಿ. ಒಂದು ಹೊಟ್ಟೆ ನಮಗೆ ಭಾರವಾ?” ತಾತ ಮುದ್ದೆ ಮುರಿಯುತ್ತಾ, “ನೋಡೋಣ, ಶ್ರಾವಣ ಮುಗೀಲಿ” ಅಂದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅತ್ತೆ ನಮ್ಮ ಮನೆಯಲ್ಲೇ ಉಳಿಯಲಿ ಅಂತ ನಾನು ದಿನಾ ಮಠದ ಗದ್ದುಗೆಗೆ ಹಣೆ ಹಚ್ಚಿ ಬೇಡಿಕೊಂಡೆ.

ಮತ್ತೆ ನೀಲತ್ತೆಯೇ ಓದತೊಡಗಿದಳು. ಹಜಾರ ತುಂಬಿ ಜನ ಮೆಟ್ಟಿಲ ಮೇಲೂ ಕೂತರು. ಅಪ್ಪ ಮಗಳು ಬೆಳಿಗ್ಗೆ ಜಗುಲಿಯಲ್ಲಿ ಕೂತು ಆವತ್ತಿನ ಪದ್ಯಗಳನ್ನು ನೋಡಿಕೊಳ್ಳುವರು, ಸಂಜೆ ಹೋಗಿ ಓದುವರು. ಮಧ್ಯಾಹ್ನ ಅವಳು ನನ್ನ ಜೊತೆ ಚೌಕಾಬಾರ ಆಡುತ್ತಾ ಕವಡೆಯಲ್ಲಿ ಮೋಸ ಮಾಡುವಳು. ಬೆನ್ನಿನ ಬಣ್ಣ ಮಾಸುತ್ತಾ ಬಂತು. ಅವಳು ನಗುವುದನ್ನು ಕೇಳಿ ಅಜ್ಜಿ ಒಳಗೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಆ ಕಾವ್ಯದಲ್ಲಿ ‘ಹೊಸ್ತಿಲ ಪ್ರಸಂಗ’ ಅಂತ ಒಂದು ಭಾಗ. ಅದನ್ನು ಕೇಳಲು ಸುತ್ತಲ ಹಳ್ಳಿಗಳಿಂದಲೂ ಜನ ಬರುತ್ತಿದ್ದರು. ಒಬ್ಬ ವರ್ತಕನ ಹೆಂಡತಿ, ಗಂಡನ ಅನುಮಾನ ತಾಳಲಾರದೆ ತವರಿಗೆ ಬರುತ್ತಾಳೆ. ದೀಪ ಹಚ್ಚುವ ಹೊತ್ತು. ಬಾಗಿಲುವಾಡ ಹಿಡಿದು ಹೊಸ್ತಿಲಾಚೆ ನಿಲ್ಲುತ್ತಾಳೆ, ಆಮೇಲೆ ತಿರುಗಿ ಹೊರಟುಹೋಗುತ್ತಾಳೆ. ಯಾಕೆ ಹೋದಳು ಅಂತ ಕವಿ ಬರೆದಿಲ್ಲ. ಆ ಬರೆಯದ ಜಾಗಕ್ಕೆ ತಾತ ಹೇಳುತ್ತಿದ್ದ ಅರ್ಥವೇ ಅವರ ಹೆಸರಿಗೆ ಮೂಲ.

ಆ ಪ್ರಸಂಗದ ಹಿಂದಿನ ದಿನ ಅತ್ತೆಯ ಗಂಡನ ಅಣ್ಣ, ಇಬ್ಬರು ಹಿರಿಯರನ್ನು ಕರೆದುಕೊಂಡು ಕುಣಿಗಲ್ಲಿಂದ ಬಂದ. ಗಂಡ ಬಂದಿರಲಿಲ್ಲ. ಅಣ್ಣ ನಮ್ಮ ಮನೆಯಲ್ಲಿ ಕಾಫಿ ಕುಡಿದು, “ಮೇಷ್ಟ್ರೇ, ನಾಳೆ ಹೊಸ್ತಿಲ ಪ್ರಸಂಗ ಅಲ್ವಾ? ಕೇಳ್ಕೊಂಡೇ ಹುಡ್ಗೀನ ಕರ್ಕೊಂಡು ಹೋಗ್ತೀವಿ” ಅಂದ. ತಾತ ನಕ್ಕರು.

ಮಾರನೇ ದಿನ ಸಂಜೆ ಕುಣಿಗಲ್ಲಿನವರು ಮುಂದಿನ ಸಾಲಿನಲ್ಲೇ ಕೂತರು. ಅತ್ತೆ ಓದಿದಳು. ನನ್ನ ಬೆನ್ನಿಗೆ ಅವಳ ಬೆನ್ನು ನಡುಗುವುದು ತಿಳಿಯುತ್ತಿತ್ತು, ದನಿ ಮಾತ್ರ ನಡುಗಲಿಲ್ಲ. ತಾತ ಅರ್ಥ ಶುರು ಮಾಡಿದರು.

“ಹೊಸ್ತಿಲು ಅಂದ್ರೆ ಬರೀ ಮರದ ತುಂಡು ಅಂದ್ಕೋಬೇಡಿ. ಅದು ಮರ್ಯಾದೆಯ ಸಂಕೇತ. ಆಚೆಗೆ ಕೊಟ್ಟ ಮನೆ, ಈಚೆಗೆ ಹುಟ್ಟಿದ ಮನೆ. ಆ ತಾಯಿ ಬಂದಿದ್ದು ಉಳಿಯೋಕಲ್ಲ. ತವರಿನ ದೀಪ ಉರೀತಿದೆಯಾ ಅಂತ ನೋಡೋಕೆ. ನೋಡಿದ್ಲು, ಸಾಕು ಅಂತ ತಾನಾಗೇ ತಿರುಗಿದ್ಲು.”

ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ನಮ್ಮಲ್ಲಿ ಒಂದು ಪದ್ಧತಿ. ಅರ್ಥ ಹೇಳಿದವರು ‘ಸಂದೇಹ ಇದ್ರೆ ಕೇಳಿ’ ಅನ್ನಬೇಕು, ಯಾರಾದರೂ ಕೇಳಿದರೆ ಉತ್ತರ ಕೊಡದೆ ಮುಂದಿನ ಪದ್ಯಕ್ಕೆ ಹೋಗುವಂತಿಲ್ಲ. ತಾತ ಆವತ್ತೂ ಹಾಗೇ ಅಂದರು. ಸಾಮಾನ್ಯವಾಗಿ ಯಾರೂ ಕೇಳುತ್ತಿರಲಿಲ್ಲ. ಓದುವವರಂತೂ ಕೇಳುವುದೇ ಇಲ್ಲ.

“ನನಗೊಂದು ಸಂದೇಹ” ಅಂದಳು ನೀಲತ್ತೆ.

ಮೆಟ್ಟಿಲ ಮೇಲಿದ್ದವರೂ ಕತ್ತು ಚಾಚಿದರು.

“ಅವಳಪ್ಪ ಒಳಗೇ ಕೂತಿದ್ದ ಅಂತ ಹಿಂದಿನ ಪದ್ಯದಲ್ಲಿದೆ. ಬಾಗಿಲು ತೆಗೆದಿತ್ತು. ದೀಪದ ಬೆಳಕಲ್ಲಿ ಮಗಳು ಕಂಡಿರ್ತಾಳೆ. ಆದ್ರೆ ‘ಒಳಗೆ ಬಾ’ ಅಂತ ಅಪ್ಪ ಅಂದಿದ್ದು ಎಲ್ಲೂ ಇಲ್ಲ. ಕರೀಲಿಲ್ಲ, ಅದಕ್ಕೇ ಅವಳು ಹೋದ್ಲು. ಹೀಗೂ ಅರ್ಥ ಹೇಳ್ಬಹುದಲ್ವಾ ಅಪ್ಪಾಜಿ?”

ಸಭೆಯಲ್ಲಿ ಅವಳು ಅವರನ್ನು ಅಪ್ಪಾಜಿ ಅಂದದ್ದು ಅದೇ ಮೊದಲು. ಅಜ್ಜಿ ಹೆಂಗಸರ ಸಾಲಿನಿಂದ ಎದ್ದು ಕಂಬ ಹಿಡಿದು ನಿಂತಳು. ಕುಣಿಗಲ್ಲಿನವನು ತಾತನ ಮುಖವನ್ನೇ ನೋಡುತ್ತಿದ್ದ. ತಾತ ಬಾಯಿಪಾಠ ಬರುವ ಆ ಪುಸ್ತಕದ ಹಾಳೆಯನ್ನು ಸುಮ್ಮಸುಮ್ಮನೆ ತಿರುವಿದರು. ಹೇಳಿ ತಾತ, ಇರು ಅಂತ ಹೇಳಿ, ಅಂತ ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ.

“ಆ ತಂದೆಗೂ ಕರೀಬೇಕು ಅಂತ ಬಾಯಿವರೆಗೂ ಬಂದಿರುತ್ತಮ್ಮ” ಅಂದರು ತಾತ. “ಆದ್ರೆ ಕರೆದಿದ್ರೆ ಅವಳ ಪಾತ್ರ ಸಣ್ಣದಾಗಿಬಿಡ್ತಿತ್ತು. ಕರುಳು ಹಿಡ್ಕೊಂಡು ಅವನು ಸುಮ್ಮನಿದ್ದ. ಅದರಿಂದ ಅವಳು ದೊಡ್ಡೋಳಾದ್ಲು.”

“ಹರಹರ ಮಹಾದೇವ!” ಅಂತ ಹಜಾರವೇ ಎದ್ದು ಕೂಗಿತು. ಯಾರೋ “ಎಂಥಾ ಮಾತು ಹೇಳುದ್ರಪ್ಪಾ!” ಅಂದರು. ಅತ್ತೆ “ಸರಿ” ಅಂದಳು. ಅಷ್ಟೇ. ಮುಂದಿನ ಪದ್ಯ ಎತ್ತಿಕೊಂಡಳು.

ಬೆಳಿಗ್ಗೆ ಅತ್ತೆ ಬಟ್ಟೆ ಮಡಚುತ್ತಿದ್ದಾಗ ಅಜ್ಜಿ ನಡುಮನೆಯಲ್ಲಿ ನಿಂತು ತಾತನನ್ನು ಕೇಳಿದಳು. “ಊರೋರ್ಗೆಲ್ಲ ಅರ್ಥ ಹೇಳೋ ಬಾಯಿಗೆ ‘ಇರು ಮಗಾ’ ಅನ್ನಕ್ಕಾಗ್ಲಿಲ್ವಾ?”

“ಅಷ್ಟು ಜನದ ಮುಂದೆ ಹೇಳಿದೀನಿ ಕಣೇ. ಈಗ ಇವಳನ್ನ ಮನೇಲಿಟ್ಕೊಂಡ್ರೆ ನಾಳೆ ಯಾವ ಮುಖ ಇಟ್ಕೊಂಡು ಅಲ್ಲಿ ಕೂರ್ಲಿ?”

“ಕೂರ್ಬ್ಯಾಡಿ! ಯಾರು ಕೂತ್ಕಳಿ ಅಂದೋರು?”

ನನ್ನಪ್ಪ ಬಾಯಿ ತೆರೆಯಲಿಲ್ಲ. ತಾತನ ಮುಂದೆ ಅವರು ಎಂದೂ ಬಾಯಿ ತೆರೆದವರಲ್ಲ. ನಾನು ಅತ್ತೆಯ ಸೀರೆ ಹಿಡಿದು ರಂಪ ಮಾಡಿದೆ. “ಅಳ್ಬೇಡ ಕಣೇ ಪುಟ್ಟಿ, ಮುಂದಿನ ಶ್ರಾವಣಕ್ಕೆ ಬರ್ತೀನಿ ಬುಡು” ಅಂದು ಕೆನ್ನೆ ಚಿವುಟಿದಳು. ತಾತನ ಕಾಲಿಗೆ ಬಿದ್ದು ಹೋದಳು. ಅವರು ವಿಭೂತಿ ಹಚ್ಚಿದರು.

ದೀಪಾವಳಿಗೆ ಮುಂಚೆ ಪಕ್ಕದ ಮನೆಗೆ ಫೋನ್ ಬಂತು. ಬಚ್ಚಲಲ್ಲಿ ಜಾರಿಬಿದ್ದು ತೀರಿಕೊಂಡಳಂತೆ. ನಾವು ವ್ಯಾನಿನಲ್ಲಿ ಹೋಗುವಷ್ಟರಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಹೂವಿನ ಹಾರ ಹಾಕಿ, ಕತ್ತಿನವರೆಗೆ ಶಾಲು ಹೊದಿಸಿಬಿಟ್ಟಿದ್ದರು. ಸ್ನಾನ ಮಾಡಿಸಲು ಒಳಗೆ ಒಯ್ದಾಗ ಅಜ್ಜಿಯೂ ಹೋದಳು. ಹೊರಗೆ ಬಂದವಳು ಅಳಲಿಲ್ಲ. ನನ್ನಪ್ಪ ಆಗ ಬಾಯಿ ತೆರೆದರು, ಪೊಲೀಸ್ ಕಂಪ್ಲೇಂಟ್ ಕೊಡೋಣ ಅಂದರು. ಎರಡೂ ಕಡೆಯ ಹಿರಿಯರು ಪಕ್ಕಕ್ಕೆ ಕರೆದು ಮಾತಾಡಿದರು. ಕಂಪ್ಲೇಂಟ್ ಕೊಡಲಿಲ್ಲ. ಆವತ್ತಿನಿಂದ ಅಜ್ಜಿ ಸಾಯುವವರೆಗೆ ತಾತನಿಗೆ ಊಟ ಬಡಿಸಿದಳು, ಬಟ್ಟೆ ಒಗೆದಳು, ಒಂದು ಮಾತು ಆಡಲಿಲ್ಲ.

ಮುಂದಿನ ಶ್ರಾವಣದಲ್ಲಿ ತಾತ ಹೊಸ್ತಿಲ ಪ್ರಸಂಗಕ್ಕೆ ಅದೇ ಅರ್ಥ ಹೇಳಿದರು. ಒಂದು ಮಾತೂ ಆಚೀಚೆ ಆಗಲಿಲ್ಲ. ಜನ ಹಿಂದೆಂದಿಗಿಂತ ಹೆಚ್ಚು ಅತ್ತರು. ಚರ್ಪು ಈಸಿಕೊಳ್ಳುವಾಗ ಒಬ್ಬರು, “ಮೇಷ್ಟ್ರು ಬಾಯಲ್ಲಿ ಹೇಳಿದ್ದನ್ನ ಮನೇಲಿ ನಡೆಸಿ ತೋರ್ಸುದ್ರು” ಅಂದರು, ಹೊಗಳಿಕೆಯಾಗಿಯೇ. ನನ್ನ ಕೈಯಲ್ಲಿದ್ದ ಚರ್ಪನ್ನು ಅಲ್ಲೇ ಚೆಲ್ಲಿ ಮನೆಗೆ ಓಡಿದೆ. ಮತ್ತೆ ಆ ಹಜಾರಕ್ಕೆ ಕಾಲಿಡಲಿಲ್ಲ.

ಈಗ ನಾನು ತುಮಕೂರಿನ ಸದಾಶಿವನಗರದಲ್ಲಿದ್ದೇನೆ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪಾತ್ರವನ್ನು ವಿಶ್ಲೇಷಿಸಿ, ಸಂಕೇತವನ್ನು ವಿವರಿಸಿ ಅಂತ ಪ್ರಶ್ನೆ ಕೊಡುವವಳೂ ನಾನೇ. ಮಠದ ಹಜಾರ ಈಗ ಸಮುದಾಯ ಭವನವಾಗಿದೆ, ಟೈಲ್ಸ್ ಹಾಕಿದ್ದಾರೆ. ಶ್ರಾವಣದಲ್ಲಿ ಕಾವ್ಯ ಓದಿಸುವುದು ನಿಂತು ಎಷ್ಟೋ ಕಾಲವಾಯಿತು. ಊರ ಕಡೆಯವರು ಸಿಕ್ಕಾಗಲೆಲ್ಲ ಅಂಥ ಕಾಲ ಹೋಯಿತಲ್ಲ ಅಂತ ಹಲುಬುತ್ತಾರೆ. ನನಗೂ ಸಂಕಟವಾಗುತ್ತದೆ. ಆದರೆ ಅವರ ಜೊತೆ ಸೇರಿ ಅಯ್ಯೋ ಅನ್ನಲು ನಾಲಿಗೆ ಹೊರಳುವುದಿಲ್ಲ.

ಹೋದ ತಿಂಗಳು ಬೆಳ್ಳಾವಿಯ ಹಿರಿಯರೊಬ್ಬರು ಫೋನ್ ಮಾಡಿದರು. ಆಗ ಮಠದಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಕ್ಯಾಸೆಟ್ಟುಗಳು ಅವರ ಅಟ್ಟದ ಮೇಲೆ ಸಿಕ್ಕಿವೆಯಂತೆ, ಮೊಮ್ಮಗನ ಕೈಲಿ ಮೊಬೈಲಿಗೆ ಹಾಕಿಸಿದ್ದಾರಂತೆ. “ನಿಮ್ಮತ್ತೆ ಕೊನೇಗೆ ಓದಿದ ವರ್ಷದ್ದೇ ಮೇಡಂ” ಅಂದರು. ವಾಟ್ಸಾಪಿಗೆ ಬಂದದ್ದನ್ನು ಹಾಕಿಕೊಂಡು ಕೂತೆ. ತಾತನ ದನಿ ಈಗ ಎದುರಿಗೆ ಕೂತು ಹೇಳಿದಷ್ಟು ಸ್ಪಷ್ಟ. ಅತ್ತೆಯ ದನಿ ಎಲ್ಲೂ ಇಲ್ಲ. ಕೇಳಿದರೆ ಹಿರಿಯರು, “ಪದ್ಯ ಹೆಂಗೂ ಪುಸ್ತಕದಾಗೇ ಐತಲ್ಲ ಮೇಡಂ. ಕ್ಯಾಸೆಟ್ ಸಾಲ್ದು ಅಂತ ನಿಮ್ಮತ್ತೆ ದನಿ ಎತ್ತಿದ ಕೂಡ್ಲೇ ಆಫ್ ಮಾಡ್ತಿದ್ದೆ. ಮೇಷ್ಟ್ರ ಅರ್ಥ ಒಂದೂ ಬಿಟ್ಟಿಲ್ಲ” ಅಂದರು. ಅವಳು ಕೇಳಿದ ಪ್ರಶ್ನೆಯೂ ಅದರಲ್ಲಿಲ್ಲ, ತಾತನ ಉತ್ತರ ಮಾತ್ರ ಇದೆ, ಆಮೇಲೆ ಹರಹರ ಮಹಾದೇವ ಇದೆ.

ಕೇಳೋಣವೆಂದರೆ ಅಜ್ಜಿ ಇಲ್ಲ, ಅಪ್ಪ ಇಲ್ಲ. ಅವಳು ಆ ಪದ್ಯವನ್ನು ಯಾವ ರಾಗದಲ್ಲಿ ಎತ್ತಿಕೊಳ್ಳುತ್ತಿದ್ದಳು ಅಂತ ಒಬ್ಬಳೇ ಕೂತು ಗುನುಗಿ ನೋಡಿದೆ. ಬರಲಿಲ್ಲ.