ಕಳೆಯದ ಚುಕ್ಕಾಣಿ

ಹಡಗಿನ ಚುಕ್ಕಾಣಿ ಕಳೆದುಹೋಗಿರಲಿಲ್ಲ. ಅದನ್ನು ಒಲೆಗೆ ಹಾಕಿದವಳು ನಾನು — ಆ ಹಡಗು ಕಟ್ಟುತ್ತಿದ್ದವರ ಹೆಂಡತಿ, ಮಾಬೂಬಿ.

ಹಡಗು ಎಂದರೆ ದೊಡ್ಡದೇನಲ್ಲ, ಮೊಳದುದ್ದದ ಕಟ್ಟಿಗೆಯ ಹಾಯಿಹಡಗು. ಇಂಡಿ ಪೇಟೆಯಲ್ಲಿ ನಮ್ಮ ಯಜಮಾನರದು ಹೊಲಿಗೆ ಮಷೀನಿನ ಅಂಗಡಿ. ಅದನ್ನು ಮೈದುನನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕುಳಿತಾಗ, ಆಲಮೇಲಕ್ಕೆ ಕೊಟ್ಟ ಮಗಳು ಶಮೀಮ್, ಅಪ್ಪನಿಗೆ ಹೊತ್ತು ಹೋಗಲೆಂದು ಒಂದು ಡಬ್ಬಿ ತರಿಸಿಕೊಟ್ಟಳು. ಒಳಗೆ ತೆಳ್ಳನೆಯ ಪಟ್ಟಿಗಳು, ಕಡ್ಡಿಗಳು, ದಾರದ ಉಂಡೆ, ಹಾಯಿಗೆ ಬಿಳಿ ಬಟ್ಟೆ, ಹಡಗು ಹೇಗೆ ಜೋಡಿಸಬೇಕೆಂಬ ಚಿತ್ರಗಳು. ಸಮುದ್ರವನ್ನೇ ಕಾಣದ ಮನುಷ್ಯ ಆ ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ, ಬಗ್ಗಿಸಿ, ಒಂದೊಂದಾಗಿ ಅಂಟಿಸುತ್ತ ಮೇಜಿಗೇ ಅಂಟಿಬಿಟ್ಟರು.

ನಾನು ಬೇರೆಯೇ ಎಣಿಸಿದ್ದೆ — ಅಂಗಡಿ ಬಿಟ್ಟ ಮೇಲೆ ನನ್ನ ಜೊತೆ ಕುಳಿತು ಚಹಾ ಕುಡಿಯುತ್ತಾರೆ, ನಾಲ್ಕು ಮಾತಾಡುತ್ತಾರೆ ಎಂದು. ಮದುವೆಯಾದಾಗಿನಿಂದ ಅಷ್ಟಕ್ಕೇ ಕಾದಿದ್ದೆ.

ಒಂದು ದಿನ ಸಿಂದಗಿಯಿಂದ ಫೋನ್ ಬಂತು. ನನ್ನ ಬಾಲ್ಯದ ಗೆಳತಿ ಕಾಶೀಬಾಯಿ ತೀರಿಕೊಂಡಿದ್ದಳು. ಬಾಗಿಲಲ್ಲಿ ನಿಂತು, "ಕೇಳ್ರಿ, ನಮ್ಮ ಕಾಶಿ..." ಎಂದೆ.

ತಲೆ ಎತ್ತಲಿಲ್ಲ. "ತಡಿ, ಅಂಟು ಒಣಗಲಿ."

ತಡೆದೆ. ಆಮೇಲೆ ಒಬ್ಬಳೇ ಬಸ್ಸು ಹತ್ತಿದೆ. ಅವಳ ಮಣ್ಣು ಮುಗಿಸಿಕೊಂಡು ಸಂಜೆ ಮನೆಗೆ ಬಂದರೆ, "ಎಲ್ಲಿ ಹೋಗಿದ್ದಿ?" ಎಂದರು.

ಮರುದಿನ ಕಸ ಹೊಡೆಯುವಾಗ ಮೇಜಿನ ಮೇಲೆ ಚುಕ್ಕಾಣಿ ಇತ್ತು — ಹೆಬ್ಬೆರಳಿನಷ್ಟು, ಉಜ್ಜಿ ನುಣುಪು ಮಾಡಿದ್ದು. ನೀರು ಕಾಯಿಸುವ ಒಲೆಗೆ ಹಾಕಿದೆ. ನೋಡುತ್ತ ನಿಂತೆ ಕೂಡ.

ಅಷ್ಟಕ್ಕೇ ಬಿಟ್ಟಿದ್ದರೆ... ಬಿಡಲಿಲ್ಲ. ಅವರು ಹಾಸಿಗೆ ಜಾಡಿಸಿದರು, ಕಸದ ಬುಟ್ಟಿ ಸುರಿದು ನೋಡಿದರು. "ಇಲ್ಲೇ ಇಟ್ಟಿದ್ನೆಲ್ಲ, ಮಾಬೂಬಿ?"

"ನಿಮಗ ಈಗೀಗ ಯಾವುದೂ ನೆನಪಿರೂದಿಲ್ಲ ಬಿಡ್ರಿ" ಎಂದೆ.

ಒಲೆಗೆ ಹಾಕಿದ್ದಕ್ಕಿಂತ ಈ ಮಾತು ದೊಡ್ಡ ತಪ್ಪು. ಅವರು ಅದನ್ನು ನಂಬಿದರು. ಕನ್ನಡಕ ಎಲ್ಲೋ ಇಟ್ಟರೆ, ಯಾರದೋ ಹೆಸರು ತಟ್ಟನೆ ಬಾರದಿದ್ದರೆ — ಎಲ್ಲರಿಗೂ ಆಗುವಂಥದ್ದು — ಅವರ ಮುಖ ಸಣ್ಣದಾಗುತ್ತಿತ್ತು. ಬೈಕಿನ ಕೀಲಿ ತಮ್ಮನಿಗೆ ಕೊಟ್ಟರು. ಪೇಟೆಗೆ ಒಬ್ಬರೇ ಹೋಗುವುದನ್ನು ಬಿಟ್ಟರು. ಇನ್ನೊಂದು ಚುಕ್ಕಾಣಿ ಕೆತ್ತಿಕೊಳ್ಳಿರೆಂದೆ. "ಅದನ್ನೂ ಎಲ್ಲರೆ ಇಟ್ಟು ಮರೀತೇನಿ" ಎಂದು ಹಡಗನ್ನು ಅಲಮಾರಿನ ಮೇಲಿಟ್ಟರು.

ಈಗ ದಿನವೆಲ್ಲ ನನ್ನ ಪಕ್ಕದಲ್ಲೇ ಕೂಡುತ್ತಾರೆ. ಚಹಾ ಕುಡಿಯುತ್ತಾರೆ. ಮಾತಾಡುವುದಿಲ್ಲ — ಏನಾದರೂ ತಪ್ಪಿ ಆಡಿಬಿಟ್ಟೇನೆಂಬ ಹೆದರಿಕೆ. ಅವರು ಮೇಜಿಗೆ ಅಂಟಿಕೊಂಡಿದ್ದಾಗಲೂ ನಾನು ಇಷ್ಟು ಒಂಟಿಯಾಗಿರಲಿಲ್ಲ.

ಹೀಗೇ ವರ್ಷಗಳು ಹೋದವು. ಹೋದ ವಾರ ಹೇಳಿಬಿಟ್ಟೆ. "ಚುಕ್ಕಾಣಿ ನೀವು ಕಳೆದಿಲ್ರಿ. ನಾನು ಒಲಿಗೆ ಹಾಕೇನಿ. ನಿಮ್ಮ ನೆನಪಿಗೆ ಏನೂ ಆಗಿಲ್ಲ."

ಅವರು ನಕ್ಕರು. "ನನ್ನ ಸಮಾಧಾನಕ್ಕ ತಪ್ಪು ನಿನ್ನ ಮ್ಯಾಲೆ ಹಾಕ್ಕೋಬ್ಯಾಡ, ಮಾಬೂಬಿ."

ಆಣೆ ಮಾಡಿದೆ. ಅತ್ತೆ. ಅತ್ತದ್ದನ್ನು ಕಂಡು ಅವರಿಗೆ ಇನ್ನಷ್ಟು ಖಾತ್ರಿಯಾಯಿತು. ನನ್ನ ಕೈ ಹಿಡಿದುಕೊಂಡರು — ಎಷ್ಟೋ ವರ್ಷಗಳ ಮೇಲೆ. ನಾನು ಬಿಡಿಸಿಕೊಳ್ಳಲಿಲ್ಲ. ಅದೂ ತಪ್ಪೇ.

ಸಂಜೆ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದರು, "ನಿಮ್ಮವ್ವ ನನ್ನ ಸಲುವಾಗಿ ಎಷ್ಟು ದೊಡ್ಡ ಸುಳ್ಳು ಹೇಳಿದ್ಳು ಗೊತ್ತೇನು!"

ನಾಳೆ ಮತ್ತೆ ಹೇಳುತ್ತೇನೆ. ನಂಬದಿದ್ದರೆ ನಾಡಿದ್ದು. ಶಮೀಮಳನ್ನೂ ಕರೆಸಿ, ಅವಳೆದುರಿಗೇ ಹೇಳುತ್ತೇನೆ. ಕ್ಷಮೆ ಕೇಳುವ ಮಾತು ಆಮೇಲಿನದು. ಮೊದಲು ಅವರು ನನ್ನ ಮೇಲೆ ಸಿಟ್ಟಾಗಬೇಕು.